ಉಂಡದ್ದು ಮೈಗೆ ಹತ್ತುವ ನೆಲ

ಮೂವತ್ತು ಚದರ ಮೀಟರು. ವಯಸ್ಕ ಮನುಷ್ಯನ ಸಣ್ಣ ಕರುಳಿನ ಒಳಪದರವನ್ನು ಒಂದು ಸುಕ್ಕೂ ಉಳಿಯದಂತೆ ಬಿಡಿಸಿ ಹಾಸಿದರೆ ಸುಮಾರು ಇಷ್ಟಾಗುತ್ತದೆ. ಚಿಕ್ಕೋಡಿ, ಅಥಣಿ ಕಡೆಯ ರೈತರ ಲೆಕ್ಕದಲ್ಲಿ ಒಂದು ಗುಂಟೆಯ ಮೂರನೇ ಪಾಲಿಗೆ ತುಸು ಕಡಿಮೆ. ಉಂಡ ರೊಟ್ಟಿಯ ಪ್ರತಿ ತುತ್ತು, ಕುಡಿದ ಹಾಲಿನ ಪ್ರತಿ ಗುಟುಕು ರಕ್ತ ಸೇರಬೇಕಾದರೆ ಈ ತುಂಡು ನೆಲವನ್ನು ದಾಟಿಯೇ ಸೇರಬೇಕು. ಬೇರೆ ದಾರಿ ಇಲ್ಲ.

ಹಳೆಯ ಪಠ್ಯಪುಸ್ತಕಗಳಲ್ಲಿ ಇದನ್ನು ಟೆನಿಸ್ ಅಂಕಣದಷ್ಟು, ಅಂದರೆ 260 ಚದರ ಮೀಟರಿನಷ್ಟು ಎಂದು ಬರೆಯುತ್ತಿದ್ದರು. ಸ್ವೀಡನ್ನಿನ ಗೋಥೆನ್‌ಬರ್ಗಿನ ಹರ್ಬರ್ಟ್ ಹೆಲಾಂಡರ್ ಮತ್ತು ಲಾರ್ಸ್ ಫೆಂಡ್ರಿಕ್ಸ್ ಮತ್ತೆ ಅಳತೆ ಮಾಡಿ, 2014ರಲ್ಲಿ ಅದನ್ನು ಮೂವತ್ತರ ಆಸುಪಾಸಿಗೆ ಇಳಿಸಿದರು. ಅಂಕಿ ಇಳಿಯಿತು, ಬೆರಗು ಮಾತ್ರ ಇಳಿಯಲಿಲ್ಲ. ಲೆಕ್ಕ ನೋಡಿ: ಜೀವಂತ ದೇಹದಲ್ಲಿ ಸಣ್ಣ ಕರುಳು ಸುಮಾರು 3 ಮೀಟರು ಉದ್ದ, ಎರಡೂವರೆ ಸೆಂಟಿಮೀಟರು ಅಡ್ಡಳತೆ. ನುಣುಪಾದ ಪೈಪಿನಂತಿದ್ದರೆ ಅದರ ಒಳಮೈ ಕಾಲು ಚದರ ಮೀಟರನ್ನೂ ಮುಟ್ಟುತ್ತಿರಲಿಲ್ಲ. ಒಳಗಿನ ಮಡಿಕೆಗಳು ಅದನ್ನು ಸುಮಾರು ಒಂದೂವರೆ ಪಟ್ಟು ಮಾಡುತ್ತವೆ. ಮಡಿಕೆಗಳ ಮೇಲೆ ಅರ್ಧದಿಂದ ಒಂದು ಮಿಲಿಮೀಟರು ಎತ್ತರದ ಎಳೆಗಳಿವೆ. ಶಾಲೆಯ ವಿಜ್ಞಾನದ ಪುಸ್ತಕದಲ್ಲಿ ಓದಿದ ವಿಲ್ಲೈಗಳು ಇವೇ. ಒಂದು ಚದರ ಮಿಲಿಮೀಟರಿನಲ್ಲಿ 20ರಿಂದ 40 ಇರುತ್ತವೆ, ಒಳಮೈಯನ್ನು ಮತ್ತೆ ಆರೂವರೆ ಪಟ್ಟು ಹಿಗ್ಗಿಸುತ್ತವೆ. ವಿಲ್ಲೈಯ ಒಂದೊಂದು ಜೀವಕೋಶದ ನೆತ್ತಿಯ ಮೇಲೆ ಸಾವಿರಾರು ಮೈಕ್ರೋವಿಲ್ಲೈ. ಅದರಿಂದ ಮತ್ತೆ ಹದಿಮೂರು ಪಟ್ಟು. ಕಾಲು ಚದರ ಮೀಟರಿನ ಪೈಪಿನೊಳಗೆ ಮೂವತ್ತು ಚದರ ಮೀಟರು ಕೂತದ್ದು ಹೀಗೆ.

ಇಷ್ಟು ದೊಡ್ಡ ಹಾಸಿನ ದಪ್ಪ ಒಂದೇ ಒಂದು ಜೀವಕೋಶ. ಮಿಲಿಮೀಟರಿನ ಐವತ್ತನೇ ಒಂದು ಭಾಗ. ಅಂಗೈಯ ಚರ್ಮಕ್ಕಾದರೂ ಸತ್ತ ಕೋಶಗಳ ಹತ್ತಾರು ಪದರಗಳ ರಕ್ಷಣೆ ಇದೆ, ಇದಕ್ಕೆ ಅದೂ ಇಲ್ಲ. ಮೇಲೆ ಲೋಳೆಯ ಒಂದು ತೆಳು ಹೊದಿಕೆ, ಜೊತೆಗೆ ದೇಹ ಪ್ರತಿದಿನ ಅಲ್ಲಿಗೆ ಸುರಿಯುವ ಮೂರರಿಂದ ಐದು ಗ್ರಾಂ ಐಜಿಎ ಎಂಬ ಪ್ರತಿಕಾಯ. ಪಕ್ಕಪಕ್ಕದ ಕೋಶಗಳ ನಡುವಿನ ಬಿಗಿ ಹೊಲಿಗೆಯಲ್ಲಿ ಉಳಿಯುವ ಸಾಮಾನ್ಯ ರಂಧ್ರಗಳು ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲಿಗಿಂತಲೂ ಕಿರಿದು. ಒಂದು ಬ್ಯಾಕ್ಟೀರಿಯಾದ ಗಾತ್ರ ಅದರ ಸಾವಿರ ಪಟ್ಟು. ಸಕ್ಕರೆ, ಉಪ್ಪು, ನೀರು ಒಳಗೆ ಹೋಗಬೇಕು, ರೋಗಾಣು ಹೊರಗೇ ಉಳಿಯಬೇಕು. ಎರಡನ್ನೂ ನೋಡಿಕೊಳ್ಳುವುದು ಈ ಒಂದೇ ಕೋಶದ ದಪ್ಪ.

ಈ ಪದರ ನಾಲ್ಕೈದು ದಿನಕ್ಕೊಮ್ಮೆ ಪೂರ್ತಿ ಹೊಸದಾಗುತ್ತದೆ. ವಿಲ್ಲೈಗಳ ಬುಡದ ಗುಳಿಗಳಲ್ಲಿ ಹುಟ್ಟಿದ ಕೋಶ ಮೆಲ್ಲಗೆ ಮೇಲೇರಿ, ತುದಿ ಮುಟ್ಟಿ, ಅಲ್ಲಿಂದ ಕಳಚಿ ಬೀಳುತ್ತದೆ. ಇಸ್ರೇಲಿನ ರಾನ್ ಸೆಂಡರ್ ಮತ್ತು ರಾನ್ ಮಿಲೋ 2021ರಲ್ಲಿ ಹಾಕಿದ ಲೆಕ್ಕದಂತೆ ನಮ್ಮ ದೇಹದಲ್ಲಿ ದಿನಕ್ಕೆ ಸುಮಾರು 33,000 ಕೋಟಿ ಕೋಶಗಳು ಸತ್ತು ಅಷ್ಟೇ ಹೊಸದಾಗಿ ಹುಟ್ಟುತ್ತವೆ. ಅವುಗಳ ಒಟ್ಟು ತೂಕ ಸುಮಾರು 80 ಗ್ರಾಂ. ಎಣಿಕೆಯಲ್ಲಿ ಕರುಳಿನ ಪಾಲು ನೂರಕ್ಕೆ ಹನ್ನೆರಡು, ಅಂದರೆ ಸುಮಾರು 4,000 ಕೋಟಿ. ತೂಕದಲ್ಲಿ ಮಾತ್ರ ಅದರ ಪಾಲು ನೂರಕ್ಕೆ ನಲವತ್ತು.

ಇದನ್ನು ನಮ್ಮ ಜಿಲ್ಲೆಗೆ ಗುಣಿಸಿ ನೋಡೋಣ. 2011ರ ಜನಗಣತಿಯಲ್ಲಿ ಬೆಳಗಾವಿ ಜಿಲ್ಲೆಯ ಜನಸಂಖ್ಯೆ 47,79,661. ಮಕ್ಕಳ ಕರುಳು ಚಿಕ್ಕದು ಎಂಬುದನ್ನು ಬದಿಗಿಟ್ಟು ಎಲ್ಲರನ್ನೂ ವಯಸ್ಕರೆಂದೇ ಹಿಡಿದರೆ, ಇಡೀ ಜಿಲ್ಲೆಯ ಕರುಳಿನ ಒಳಪದರ 35,000 ಎಕರೆ ದಾಟುತ್ತದೆ. ಕೃಷ್ಣೆಯ ದಂಡೆಯಲ್ಲಿ ನೆಟ್ಟ ಕಬ್ಬು ಕಟಾವಿಗೆ ಬರಲು 12ರಿಂದ 18 ತಿಂಗಳು ಬೇಕು. ಈ 35,000 ಎಕರೆ ಪ್ರತಿ ನಾಲ್ಕೈದು ದಿನಕ್ಕೆ ಬುಡದಿಂದ ತುದಿಯವರೆಗೆ ಹೊಸದಾಗಿ ಬೆಳೆದು ನಿಲ್ಲುತ್ತದೆ. ದಿನಕ್ಕೆ ಕಳಚಿ ಬೀಳುವ ಕೋಶಗಳ ತೂಕವೇ 150 ಟನ್ನಿನಷ್ಟು. ಯಾರಿಗೂ ಗೊತ್ತಾಗದಂತೆ, ಯಾರಿಗೂ ನೋವಾಗದಂತೆ ನಡೆಯುವ ಕೆಲಸ ಇದು.

ಹರಿಯುವ ನೀರಿನ ಲೆಕ್ಕವೂ ಸಣ್ಣದಲ್ಲ. ನಾವು ಉಂಡು ಕುಡಿದದ್ದು ದಿನಕ್ಕೆ ಎರಡು ಲೀಟರಾದರೆ, ಜೊಲ್ಲು, ಜಠರರಸ, ಪಿತ್ತ, ಮೇದೋಜೀರಕ ಗ್ರಂಥಿಯ ರಸ ಮತ್ತು ಕರುಳಿನ ಸ್ವಂತ ರಸ ಸೇರಿ ಇನ್ನೂ ಏಳು ಲೀಟರು ಒಳಗೆ ಸುರಿಯುತ್ತದೆ. ಆ ಒಂಬತ್ತು ಲೀಟರಿನಲ್ಲಿ ಹೊರಗೆ ಹೋಗುವುದು ನೂರು ಇನ್ನೂರು ಮಿಲಿಲೀಟರು ಮಾತ್ರ. ಉಳಿದದ್ದನ್ನೆಲ್ಲ ಕರುಳು ಹೀರಿ ರಕ್ತಕ್ಕೆ ಮರಳಿಸುತ್ತದೆ. ಸಣ್ಣ ಕರುಳಿನ ಕೆಲಸ ನೂರಕ್ಕೆ ಇಪ್ಪತ್ತು ಪಾಲು ಕುಂಟಿದರೂ ಹೆಚ್ಚುವರಿ ಒಂದೂವರೆ ಲೀಟರು ದೊಡ್ಡ ಕರುಳಿಗೆ ನುಗ್ಗುತ್ತದೆ. ಹೊಟ್ಟೆ ಝಾಡಿಸುವುದು ಎಂದು ನಮ್ಮ ಕಡೆ ಹೇಳುವ ಸ್ಥಿತಿ ಬರುವುದು ಆ ಹೊರೆಯನ್ನು ದೊಡ್ಡ ಕರುಳೂ ತಾಳದಾದಾಗ.

ಇನ್ನು ಭಾಗಾಕಾರ. ವಿಲ್ಲೈಗಳೆಲ್ಲ ಸವೆದು ನೆಲಸಮವಾದವು ಎಂದುಕೊಳ್ಳಿ. ಆರೂವರೆ ಪಟ್ಟಿನ ಲಾಭ ಹೋಯಿತು. ಮೂವತ್ತು ಚದರ ಮೀಟರು ಐದಕ್ಕೂ ಕೆಳಗಿಳಿಯುತ್ತದೆ. ತಟ್ಟೆಯಲ್ಲಿ ಅದೇ ರೊಟ್ಟಿ, ಅದೇ ಬೇಳೆ, ಅದೇ ಹಾಲು. ಹೀರುವ ನೆಲ ಮಾತ್ರ ಆರರಲ್ಲೊಂದು ಪಾಲು. ಇಡೀ ಕರುಳು ಒಮ್ಮೆಗೇ ಹೀಗಾಗುವುದು ಅಪರೂಪ. ಅಲ್ಲಲ್ಲಿ ತೇಪೆ ತೇಪೆಯಾಗಿ, ಅರ್ಧಂಬರ್ಧ ಸವೆಯುವುದೇ ಹೆಚ್ಚು. ಆ ಅರ್ಧಂಬರ್ಧ ಸವಕಳಿ ನಮ್ಮ ಹಳ್ಳಿಗಳ ಮಕ್ಕಳಿಂದ ಏನೇನು ಕಸಿಯುತ್ತಿದೆ ಎಂಬುದೇ ಈ ಬರಹದ ಕಾಳಜಿ.

ಅಂಗನವಾಡಿಯಲ್ಲಿ ತೂಕ ಹಾಕುವ ದಿನ ತಾಯಂದಿರ ಬಾಯಲ್ಲಿ ಕೇಳಿಬರುವ ಮಾತೊಂದಿದೆ: “ಅಕ್ಕಾರ, ಕೂಸು ಉಣ್ಣೂದರಾಗ ಏನೂ ಕಮ್ಮಿ ಮಾಡೂದಿಲ್ರಿ. ಉಂಡದ್ದು ಮೈಗೆ ಹತ್ತವಲ್ದು.” ಟೀಚರ್ ಪಟ್ಟಿಯಲ್ಲಿ ತೂಕ ಬರೆದುಕೊಂಡು, “ಇನ್ನೊಂದೀಟು ತಿನಸ್ರಿ” ಎನ್ನುತ್ತಾರೆ. ಸುತ್ತ ನೋಡಿದರೆ ಕಬ್ಬು. ರಾಯಬಾಗ, ಕಾಗವಾಡದ ಕಾರ್ಖಾನೆಗಳ ದಾರಿಯಲ್ಲಿ ಚಳಿಗಾಲವಿಡೀ ಟ್ರ್ಯಾಕ್ಟರುಗಳ ಸಾಲು. ಬೆಳಗಿನ ಜಾವದಲ್ಲಿ ಡೇರಿ ಮುಂದೆ ಹಾಲಿನ ಕ್ಯಾನುಗಳು. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳ ಎತ್ತರ ವಯಸ್ಸಿಗೆ ತಕ್ಕಷ್ಟಿಲ್ಲ. ನೂರರಲ್ಲಿ 65 ಮಕ್ಕಳಿಗೆ ರಕ್ತಹೀನತೆ. ಇದಕ್ಕೆ ಕಾರಣ ಹಲವು, ಬಡತನವೇ ಮೊದಲನೆಯದು. ಆದರೆ ಆ ತಾಯಿಯ ಮಾತನ್ನು ಸಬೂಬು ಎಂದು ತಳ್ಳಿಹಾಕಬಾರದು. ಅವಳು ಹೇಳುತ್ತಿರುವುದು ವೈದ್ಯವಿಜ್ಞಾನ ಅರವತ್ತು ವರ್ಷಗಳಿಂದ ಬೆನ್ನಟ್ಟಿರುವ ಸಂಗತಿ.

ಮೊದಲು ಕಣ್ಣಿಗೆ ಕಾಣುವ ಗಾಯವನ್ನೇ ನೋಡೋಣ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲ್ಲೂಕುಗಳು ಕೃಷ್ಣೆಗೂ ಅವಳ ಕೂಡುಹೊಳೆಗಳಿಗೂ ಬದುಕನ್ನು ಒಪ್ಪಿಸಿಕೊಂಡಂಥವು. ಪಶ್ಚಿಮ ಘಟ್ಟದಲ್ಲಿ ಮಳೆ ಜೋರಾದರೆ ಕೃಷ್ಣೆ, ವೇದಗಂಗೆ, ದೂಧಗಂಗೆ ಉಕ್ಕಿ ಕಾರದಗಾ–ಭೋಜ, ಸಿದ್ನಾಳ–ಅಕ್ಕೋಳ, ಜತ್ರಾಟ–ಭೀವಶಿ, ಕಲ್ಲೋಳ–ಯಡೂರ ಸೇತುವೆಗಳು ಮುಳುಗುವುದು ಪ್ರತಿ ಮಳೆಗಾಲದ ಸುದ್ದಿ. 2005, 2019, 2021ರಲ್ಲಿ ಊರಿಗೆ ಊರೇ ನೀರು ಹೊಕ್ಕಿತು. ನೆರೆಯಲ್ಲಿ ಬಾವಿಯ ನೀರು, ಚರಂಡಿಯ ನೀರು, ಗ್ವಾದಲಿಯ ನೀರು ಎಂಬ ಭೇದ ಉಳಿಯುವುದಿಲ್ಲ. ನೆರೆ ಇಳಿದ ಮೇಲೂ ನೆಲದೊಳಗಿನ ಪೈಪುಗಳ ಒಡಕಿನಲ್ಲಿ ಕೊಳೆ ನುಸುಳುವುದು ನಿಲ್ಲುವುದಿಲ್ಲ.

ಆ ನೀರಿನಲ್ಲಿ, ಆ ಕೈಗಳಲ್ಲಿ ಬರುವ ರೋಟಾವೈರಸ್‌ನ ಅಂಕಿಗಳು ಗಾಬರಿ ಹುಟ್ಟಿಸುವಂಥವು. ಭೇದಿಯಾದ ಮಗುವಿನ ಒಂದು ಗ್ರಾಂ ಮಲದಲ್ಲಿ 10,000 ಕೋಟಿ ವೈರಸ್ ಕಣಗಳಿರಬಹುದು. ಇನ್ನೊಂದು ಮಗುವಿಗೆ ಸೋಂಕು ತಗುಲಲು ನೂರು ಕಣ ಸಾಕು, ಕೆಲವೊಮ್ಮೆ ಹತ್ತೇ ಸಾಕು. ಬರೀ ಗಣಿತದಲ್ಲಿ ಹೇಳಿದರೆ ಒಂದು ಗ್ರಾಂ ನೂರು ಕೋಟಿ ಮಕ್ಕಳಿಗೆ ಸಾಲುತ್ತದೆ. 1973ರಲ್ಲಿ ಮೆಲ್ಬೋರ್ನಿನ ರೂತ್ ಬಿಷಪ್ ಮತ್ತು ಸಂಗಡಿಗರು ಭೇದಿಯಾದ ಮಕ್ಕಳ ಕರುಳಿನ ಚೂರನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಈ ವೈರಸ್ ವಿಲ್ಲೈಗಳ ಕೋಶಗಳೊಳಗೇ ಸಿಕ್ಕಿತು. ಅದು ಹುಡುಕಿಕೊಂಡು ಹೋಗುವುದು ತುದಿಯ ಬಲಿತ ಕೋಶಗಳನ್ನೇ. ಹೀರುವ ಕೆಲಸ ಮಾಡುವವು ಅವೇ. ಬುಡದ ಎಳೆಯ ಕೋಶಗಳಿಗೆ ಹೀರಲು ಇನ್ನೂ ಬಾರದು, ನೀರು ಸ್ರವಿಸಲು ಮಾತ್ರ ಬರುತ್ತದೆ. ಹೀಗೆ ಒಂದೇ ಏಟಿಗೆ ಹೀರುವವರು ಸತ್ತು, ಸುರಿಸುವವರು ಉಳಿಯುತ್ತಾರೆ.

ಹಾಲು ಜೀರ್ಣಿಸುವ ಲ್ಯಾಕ್ಟೇಸ್ ಇರುವುದೂ ತುದಿಯ ಕೋಶಗಳಲ್ಲೇ. ಆದ್ದರಿಂದ ಭೇದಿಯ ಬೆನ್ನಿಗೆ ಕೆಲವು ಮಕ್ಕಳಿಗೆ ಹಾಲು ಕೆಲವು ದಿನ ಒಗ್ಗುವುದಿಲ್ಲ. ಒಡೆಯದೆ ಉಳಿದ ಹಾಲಿನ ಸಕ್ಕರೆ ದೊಡ್ಡ ಕರುಳಿಗಿಳಿದು ನೀರನ್ನು ಸೆಳೆಯುತ್ತದೆ, ಹುಳಿಯುತ್ತದೆ, ವಾಯು ತುಂಬುತ್ತದೆ. ಮಲ ಎಷ್ಟು ಹುಳಿಯಾಗುತ್ತದೆಂದರೆ ಕೂಸಿನ ಕುಂಡೆಯ ಚರ್ಮ ಕೆಂಪೇರಿ, ಬಟ್ಟೆ ತಾಗಿದರೂ ಚೀರುತ್ತದೆ. ಎಷ್ಟೋ ಮನೆಗಳಲ್ಲಿ ಇದನ್ನು ಕಂಡು ಎದೆಹಾಲನ್ನೇ ಬಿಡಿಸಿಬಿಡುತ್ತಾರೆ. ಅದು ಮಾಡಬಾರದ ಕೆಲಸ. ಎದೆಹಾಲು ನಡೆಯಲೇಬೇಕು. ದೊಡ್ಡ ಮಕ್ಕಳಿಗೆ ಹಾಲಿನ ಬದಲು ಮೊಸರು, ಮಜ್ಜಿಗೆ ಹೆಚ್ಚು ಸಲೀಸು, ಏಕೆಂದರೆ ಹೆಪ್ಪಿನ ಬ್ಯಾಕ್ಟೀರಿಯಾಗಳು ಆ ಸಕ್ಕರೆಯನ್ನು ಒಂದಷ್ಟು ಮೊದಲೇ ತಿಂದು ಮುಗಿಸಿರುತ್ತವೆ. ಹೆಚ್ಚಿನ ಮಕ್ಕಳಲ್ಲಿ ಒಂದೆರಡು ವಾರದಲ್ಲಿ ಹೊಸ ಕೋಶಗಳು ತುದಿಗೇರಿ ಬಲಿತ ಮೇಲೆ ಹಾಲು ಮತ್ತೆ ಒಗ್ಗುತ್ತದೆ.

ಕಬ್ಬಿನ ನಾಡಿನವರು ಹೆಮ್ಮೆಯಿಂದ ತಿಳಿದಿರಬೇಕಾದ ಒಂದು ಸಂಗತಿ ಇಲ್ಲಿದೆ. 1960ರಲ್ಲಿ ಪ್ರಾಗ್ ನಗರದ ಸಭೆಯೊಂದರಲ್ಲಿ ಅಮೆರಿಕದ ರಾಬರ್ಟ್ ಕ್ರೇನ್, ಕರುಳಿನ ಕೋಶ ಗ್ಲೂಕೋಸನ್ನು ಒಂಟಿಯಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ, ಉಪ್ಪಿನ ಸೋಡಿಯಂ ಜೊತೆಗೂಡಿಸಿಯೇ ಸೆಳೆದುಕೊಳ್ಳುತ್ತದೆ ಎಂದು ವಿವರಿಸಿದರು. ಒಂದು ಗ್ಲೂಕೋಸ್ ಅಣುವಿಗೆ ಎರಡು ಸೋಡಿಯಂ. ಅವುಗಳ ಬೆನ್ನಿಗೆ ನೀರು. ಭೇದಿ ಎಷ್ಟೇ ಜೋರಾಗಿದ್ದರೂ ಈ ಬಾಗಿಲು ಬಹುಮಟ್ಟಿಗೆ ತೆರೆದೇ ಇರುತ್ತದೆ. ಕಾಲರಾದಲ್ಲಿ ಒಳಪದರ ಹರಿಯುವುದೇ ಇಲ್ಲ, ಅಲ್ಲಿ ಕೆಡುವುದು ಸ್ರವಿಸುವ ಕೋಶದ ಹತೋಟಿ ಮಾತ್ರ. ರೋಟಾವೈರಸ್‌ನಲ್ಲಿ ತೇಪೆ ತೇಪೆಯಾಗಿ ಹರಿದರೂ ಉಳಿದ ಜಾಗ ಸಾಕಷ್ಟಿರುತ್ತದೆ. 1971ರ ಬಾಂಗ್ಲಾ ಯುದ್ಧದ ನಿರಾಶ್ರಿತರ ನಡುವೆ, ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಬಾಟಲಿಗಳು ಮುಗಿದಾಗ, ಡಾ. ದಿಲೀಪ್ ಮಹಾಲನೋಬಿಸ್ ಸಕ್ಕರೆ ಉಪ್ಪಿನ ನೀರನ್ನೇ ಡ್ರಮ್ಮುಗಳಲ್ಲಿ ತುಂಬಿಸಿ ಕುಡಿಸಿದರು. 3,700ಕ್ಕೂ ಹೆಚ್ಚು ರೋಗಿಗಳು. ನೂರಕ್ಕೆ ಮೂವತ್ತು ಜನ ಸಾಯುತ್ತಿದ್ದ ಕಡೆ ಸಾವು 3.6ಕ್ಕೆ ಇಳಿಯಿತು. 2022ರಲ್ಲಿ ತೀರಿಕೊಂಡ ಅವರಿಗೆ ಮರುವರ್ಷ ಪದ್ಮವಿಭೂಷಣ ಬಂತು. ಬದುಕಿದ್ದಾಗಲೇ ಬರಬೇಕಿತ್ತು.

ಪಾಕೀಟಿನ ಓಆರ್‌ಎಸ್‌ನಲ್ಲಿ ಇರುವುದು 20.5 ಗ್ರಾಂ ಪುಡಿ: ಗ್ಲೂಕೋಸ್ 13.5, ಉಪ್ಪು 2.6, ಪೊಟ್ಯಾಸಿಯಂ ಕ್ಲೋರೈಡ್ 1.5, ಸಿಟ್ರೇಟ್ 2.9. ಕುಡಿಯುವ ಒಂದು ಲೀಟರು ನೀರಿಗೆ ಅಷ್ಟನ್ನೂ ಒಮ್ಮೆಗೇ ಹಾಕಬೇಕು. ಅರ್ಧ ಪಾಕೀಟನ್ನು ಅಂದಾಜಿಗೆ ಲೋಟಕ್ಕೆ ಸುರಿದರೆ ಉಪ್ಪಿನ ಅಳತೆ ಕೆಟ್ಟು ಅಪಾಯವಾದೀತು. ಪಾಕೀಟು ಸಿಗದ ಹೊತ್ತಿನಲ್ಲಿ ಒಂದು ಲೀಟರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಅಂದರೆ ಸುಮಾರು 25 ಗ್ರಾಂ ಸಕ್ಕರೆ. ಒಂದು ಕಿಲೋ ಸಕ್ಕರೆಯಲ್ಲಿ 40 ಲೀಟರು. ಒಂದು ಟನ್ ಕಬ್ಬಿನಿಂದ ನೂರು ಕಿಲೋ ಸಕ್ಕರೆ ಎಂದು ಹಿಡಿದರೂ 4,000 ಲೀಟರು. ಎಕರೆಗೆ 40 ಟನ್ ಇಳುವರಿ ಇದ್ದರೆ ಒಂದು ಎಕರೆ ಕಬ್ಬು 1,60,000 ಲೀಟರು ಜೀವಜಲದ ಸಕ್ಕರೆಯನ್ನು ಕೊಡುತ್ತದೆ. ಈ ಸೀಮೆಯ ಮಗು ನೀರಡಿಕೆಯಿಂದ ಸಾಯಲು ಕಾರಣವೇ ಇಲ್ಲ.

ಕುಡಿಸುವ ರೀತಿಯನ್ನು ಮಾತ್ರ ಕಣ್ಣಾರೆ ನೋಡಿ ಕಲಿಯಬೇಕು. ನೆರೆಯ ಕಾಳಜಿ ಕೇಂದ್ರದ ಶಾಲಾ ಕೋಣೆ, ಗೋಡೆಗೊರಗಿ ಕೂತ ತಾಯಿ, ಮಡಿಲಲ್ಲಿ ಬಾಯೊಣಗಿದ ಕೂಸು. ನೀರಡಿಸಿದೆಯೆಂದು ಲೋಟ ಹಿಡಿದು ಗಟಗಟ ಕುಡಿಸಿದರೆ ಅಷ್ಟೂ ವಾಂತಿಯಾಗುತ್ತದೆ, “ಓಆರ್‌ಎಸ್ ಹೊಟ್ಟ್ಯಾಗ ನಿಲ್ಲವಲ್ದು” ಎಂದು ಬಿಟ್ಟುಬಿಡುತ್ತಾರೆ. ಹತ್ತು ನಿಮಿಷ ಸುಮ್ಮನಿದ್ದು, ಮತ್ತೆ ಚಮಚದಲ್ಲಿ ಎರಡು ಮೂರು ನಿಮಿಷಕ್ಕೊಮ್ಮೆ ಒಂದೊಂದೇ ಗುಟುಕು. ಎರಡು ವರ್ಷದೊಳಗಿನ ಕೂಸಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿಲೀಟರು, ಅದಕ್ಕೂ ದೊಡ್ಡ ಮಗುವಿಗೆ ಅದರ ಎರಡರಷ್ಟು. ಬಿಡದೆ ಹೀಗೆ ಕುಡಿಸುತ್ತ ಕೂತರೆ ನಾಲಿಗೆ ಒದ್ದೆಯಾಗುತ್ತದೆ, ಅಳುವ ಕೂಸಿನ ಕಣ್ಣಲ್ಲಿ ಮತ್ತೆ ನೀರಾಡುತ್ತದೆ. ಕಣ್ಣು ಗುಳಿಬಿದ್ದು, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ನಿಧಾನಕ್ಕೆ ಮರಳುತ್ತಿದ್ದರೆ, ಕೂಸು ಕುಡಿಯಲೂ ಆಗದಷ್ಟು ಮಂಕಾಗಿದ್ದರೆ, ಮಲದಲ್ಲಿ ರಕ್ತ ಕಂಡರೆ ಚಮಚ ಹಿಡಿದು ಕೂರುವ ಹೊತ್ತಲ್ಲ, ದವಾಖಾನೆಗೆ ಓಡಬೇಕು.

ಇಷ್ಟು ಎದ್ದು ಕಾಣುವ ಗಾಯದ ಮಾತು. ಇನ್ನೊಂದು ಗಾಯ ಭೇದಿಯೂ ಇಲ್ಲದೆ, ನೋವೂ ಇಲ್ಲದೆ ವರ್ಷಗಟ್ಟಲೆ ಇರುತ್ತದೆ. 1960ರ ದಶಕದಲ್ಲಿ ಅಂದಿನ ಪೂರ್ವ ಪಾಕಿಸ್ತಾನಕ್ಕೆ ಸೇವೆಗೆ ಬಂದಿದ್ದ ಅಮೆರಿಕದ ಆರೋಗ್ಯವಂತ ಯುವಕರ ಕರುಳಿನ ಚೂರನ್ನು ಪರೀಕ್ಷಿಸಿದರು. ಹಳ್ಳಿಯ ನೀರು, ಹಳ್ಳಿಯ ಊಟದಲ್ಲಿ ಕೆಲವು ತಿಂಗಳಾದ ಮೇಲೆ ಅವರ ವಿಲ್ಲೈಗಳು ಕುಗ್ಗಿ ಮೊಂಡಾಗಿದ್ದವು. ತಾಯ್ನಾಡಿಗೆ ಮರಳಿದ ಮೇಲೆ ನಿಧಾನವಾಗಿ ಸರಿಹೋದವು. ಪಕ್ಕದ ತಮಿಳುನಾಡಿನ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಸೆಲ್ವಿನ್ ಬೇಕರ್ ಮತ್ತು ವಿ. ಐ. ಮಥಾನ್ ದಕ್ಷಿಣ ಭಾರತದ ಹಳ್ಳಿಗರ ಕರುಳನ್ನು ದಶಕಗಳ ಕಾಲ ಅಧ್ಯಯನ ಮಾಡಿ ತೋರಿಸಿದ್ದೂ ಇದನ್ನೇ: ಯಾವ ಕಾಯಿಲೆಯೂ ಇಲ್ಲ ಎನ್ನುವವರಲ್ಲೂ ಒಳಪದರ ಸವೆದಿತ್ತು. ದೋಷ ನಮ್ಮ ರಕ್ತದಲ್ಲಿಲ್ಲ, ಸುತ್ತಲಿನ ಕೊಳೆಯಲ್ಲಿದೆ.

ಇದನ್ನು ಅಳೆಯುವ ಉಪಾಯ ಸರಳ. ಮಗುವಿಗೆ ಎರಡು ಬಗೆಯ ಸಕ್ಕರೆಯ ದ್ರಾವಣ ಕುಡಿಸಿ, ಮೂತ್ರದಲ್ಲಿ ಎಷ್ಟೆಷ್ಟು ಬಂತೆಂದು ನೋಡುವುದು. ಸಣ್ಣ ಅಣುವಿನ ಮ್ಯಾನಿಟಾಲ್ ಗಟ್ಟಿಮುಟ್ಟಾದ ಪದರವನ್ನೂ ದಾಟುತ್ತದೆ. ದೊಡ್ಡ ಅಣುವಿನ ಲ್ಯಾಕ್ಟುಲೋಸ್ ಹೊಲಿಗೆ ಬಿಟ್ಟ ಕಡೆ ಮಾತ್ರ ನುಸುಳುತ್ತದೆ. 1991ರಲ್ಲಿ ಆಫ್ರಿಕದ ಗ್ಯಾಂಬಿಯಾದಲ್ಲಿ ಪೀಟರ್ ಲನ್ ತಂಡ ಹೀಗೆ ಅಳೆದಾಗ, ಕೂಸುಗಳ ಬೆಳವಣಿಗೆ ಕುಂಠಿತವಾದುದರ 43 ಪಾಲನ್ನು ಕರುಳಿನ ಈ ಸೋರಿಕೆಯ ಲೆಕ್ಕದಿಂದಲೇ ವಿವರಿಸಬಹುದಾಗಿತ್ತು. ನೂರರಲ್ಲಿ ನಲವತ್ತಮೂರು! ಸೋರುವ ಪದರದಿಂದ ಬ್ಯಾಕ್ಟೀರಿಯಾದ ತುಣುಕುಗಳು ರಕ್ತಕ್ಕೆ ಜಿನುಗಿದರೆ ದೇಹ ಸದಾ ಕಾಳಗದ ಸ್ಥಿತಿಯಲ್ಲಿರುತ್ತದೆ. ಬೆಳೆಯಲು ಇಟ್ಟ ಶಕ್ತಿ ಕಾದಾಡಲು ಹೋಗುತ್ತದೆ. ಆ ಉರಿಯೂತಕ್ಕೆ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚು ಮಾಡುತ್ತದೆ, ಅದು ಕರುಳಿನಿಂದ ಕಬ್ಬಿಣ ರಕ್ತ ಸೇರುವ ಬಾಗಿಲನ್ನೇ ಮುಚ್ಚುತ್ತದೆ. ಶಾಲೆಯಲ್ಲಿ ಕೊಟ್ಟ ಕಬ್ಬಿಣದ ಗುಳಿಗೆ ನುಂಗಿದ ಮಗುವಿನ ರಕ್ತ ಏರದಿರಲು ಇದೂ ಒಂದು ಕಾರಣ. ಬಾಯಿಗೆ ಹಾಕುವ ಲಸಿಕೆಗೂ ಅಡ್ಡಿ ಇಲ್ಲಿಂದಲೇ ಇರಬಹುದೆಂದು ವಿಜ್ಞಾನಿಗಳು ಶಂಕಿಸುತ್ತಾರೆ. 2019ರ ಹೊತ್ತಿಗೆ ದೇಶದ ಉದ್ದಗಲ ತಲುಪಿದ, 6, 10, 14ನೇ ವಾರದಲ್ಲಿ ಹಾಕುವ ರೋಟಾವೈರಸ್ ಲಸಿಕೆ ಶ್ರೀಮಂತ ದೇಶಗಳಲ್ಲಿ ತೀವ್ರ ಭೇದಿಯನ್ನು ನೂರಕ್ಕೆ ಎಂಬತ್ತು ತೊಂಬತ್ತರಷ್ಟು ತಡೆದರೆ, ಭಾರತದ ಲಸಿಕೆಯ ಪರೀಕ್ಷೆಯಲ್ಲಿ ಮೊದಲ ವರ್ಷ ತಡೆದದ್ದು 56ರಷ್ಟು. ಅಷ್ಟಾದರೂ ಹಾಕಿಸಲೇಬೇಕು. ಆ 56ರಲ್ಲಿ ನಮ್ಮ ಕೂಸೂ ಇರಬಹುದು.

ಹಾಗಾದರೆ ಶೌಚಾಲಯ ಕಟ್ಟಿಸಿ, ಕೈ ತೊಳೆಸಿದರೆ ಮುಗಿಯಿತೇ? ಬಾಂಗ್ಲಾದೇಶದಲ್ಲಿ 5,551, ಜಿಂಬಾಬ್ವೆಯಲ್ಲಿ 5,280 ಗರ್ಭಿಣಿಯರನ್ನು ಸೇರಿಸಿಕೊಂಡು ಇದನ್ನೇ ಪರೀಕ್ಷಿಸಿದರು. 2018–19ರಲ್ಲಿ ಫಲಿತಾಂಶ ಬಂತು. ಬಾಂಗ್ಲಾದಲ್ಲಿ ಭೇದಿ ಚೆನ್ನಾಗಿಯೇ ಇಳಿಯಿತು, ಆದರೆ ಮಕ್ಕಳ ಎತ್ತರ ಎರಡೂ ಕಡೆ ಏರಲಿಲ್ಲ. ಈ ಸೋಲನ್ನು ನಾನು ತುಂಬ ಮುಖ್ಯ ಎಂದು ಭಾವಿಸುತ್ತೇನೆ. ಒಂದು ಗುಂಡಿಯ ಶೌಚಾಲಯ, ಒಂದು ಸಾಬೂನಿನಿಂದ ತೊಳೆದು ಹೋಗುವಷ್ಟು ಕೊಳೆ ನಮ್ಮ ಅಂಗಳದಲ್ಲಿಲ್ಲ. ಜಿಂಬಾಬ್ವೆಯಲ್ಲೇ ಲೆಕ್ಕ ಹಾಕಿದ್ದರು: ಅಂಬೆಗಾಲಿಡುವ ಕೂಸು ಅಂಗಳದಲ್ಲಿ ಒಂದು ಗ್ರಾಂ ಕೋಳಿಹಿಕ್ಕೆ ಬಾಯಿಗಿಟ್ಟರೆ 47 ಲಕ್ಷದಿಂದ 2.3 ಕೋಟಿ ಇ-ಕೋಲೈ ಬ್ಯಾಕ್ಟೀರಿಯಾ ಹೊಟ್ಟೆ ಸೇರುತ್ತವೆ. ಎಮ್ಮೆ ಕಟ್ಟುವ ಕಟ್ಟೆಗೂ ಕೂಸು ಆಡುವ ಜಾಗಕ್ಕೂ ನಡುವೆ ಗೋಡೆಯಿಲ್ಲದ ಮನೆಗಳು ನಮ್ಮಲ್ಲೂ ಬೇಕಾದಷ್ಟಿವೆ. ಕೂಸಿಗೊಂದು ತೊಳೆದ ಚಾಪೆ, ಕೋಳಿಗೊಂದು ಬೇಲಿ, ನಲ್ಲಿಯಲ್ಲಿ ಸದಾ ಶುದ್ಧ ನೀರು ಇವಿಷ್ಟೂ ಒಟ್ಟಿಗೇ ಬೇಕು.

ತಾಯಿಯ ಊಟ ಇನ್ನೂ ಮುಂಚಿನದು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಸೇರಿದ್ದ, ಕಾಂಗೋ, ಗ್ವಾಟೆಮಾಲಾ, ಪಾಕಿಸ್ತಾನಗಳಲ್ಲೂ ನಡೆದ ಅಧ್ಯಯನವೊಂದರಲ್ಲಿ 7,387 ಹೆಣ್ಣುಮಕ್ಕಳಿದ್ದರು. ಗರ್ಭ ಧರಿಸುವ ಮುನ್ನವೇ ಅಥವಾ ಗರ್ಭದ ಮೊದಲ ತಿಂಗಳುಗಳಲ್ಲೇ ಪೋಷಕಾಂಶದ ಪೂರಕ ಆಹಾರ ಪಡೆದ ತಾಯಂದಿರ ಕೂಸುಗಳು ಸರಾಸರಿ ಅರ್ಧ ಸೆಂಟಿಮೀಟರು ಹೆಚ್ಚು ಉದ್ದವಾಗಿ ಹುಟ್ಟಿದವು. ಕೂಸಿನ ಕರುಳು ಕೊಳೆಯನ್ನು ಎದುರಿಸುವ ಮೊದಲೇ ಗಳಿಸಿಕೊಂಡ ಅರ್ಧ ಸೆಂಟಿಮೀಟರು ಅದು.

ದೊಡ್ಡವರ ಕರುಳಿನ ಕತೆ ಬೇರೆ. ಕಬ್ಬು ಕಡಿಯುವ ಹಂಗಾಮಿನಲ್ಲಿ ನಸುಕಿನಿಂದ ಸಂಜೆಯವರೆಗೆ ಬಗ್ಗಿ ದುಡಿದ ಬೆನ್ನಿಗೆ ರಾತ್ರಿ ಅಂಗಡಿಯ ನೋವಿನ ಗುಳಿಗೆಯೇ ಆಸರೆ. 2005ರಲ್ಲಿ 40 ಆರೋಗ್ಯವಂತರಿಗೆ ಎರಡು ವಾರ ದಿನಕ್ಕೆ 150 ಮಿಲಿಗ್ರಾಂ ಡೈಕ್ಲೋಫೆನಾಕ್ ಕೊಟ್ಟು, ಕ್ಯಾಮೆರಾ ಇರುವ ಕ್ಯಾಪ್ಸೂಲ್ ನುಂಗಿಸಿ ಸಣ್ಣ ಕರುಳನ್ನು ನೋಡಿದರು. ನೂರಕ್ಕೆ 68 ಜನರಲ್ಲಿ ಹೊಸ ಗಾಯ, ಕೆಂಪು, ರಕ್ತಸ್ರಾವ ಕಂಡವು. ಹೊಟ್ಟೆ ಕಾಪಾಡಲೆಂದು ಓಮಿಪ್ರಜೋಲ್ ಜೊತೆಗೇ ಕೊಟ್ಟಿದ್ದರು. ಅದು ಜಠರವನ್ನು ಕಾಯುತ್ತದೆ, ಕೆಳಗಿನ ಕರುಳನ್ನು ಕಾಯುವುದಿಲ್ಲ. ಮೇಲಿಂದ ಬಿಸಿಲು ಬೇರೆ: ಮೈಮುರಿಯುವ ದುಡಿತದಲ್ಲಿ ರಕ್ತವೆಲ್ಲ ಸ್ನಾಯು, ಚರ್ಮಗಳಿಗೆ ಹರಿದು, ಕರುಳಿಗೆ ಹೋಗುವ ರಕ್ತ ನೂರಕ್ಕೆ ಎಂಬತ್ತರವರೆಗೂ ಇಳಿಯಬಲ್ಲದು. ಹಸಿದ ಹೊಟ್ಟೆ, ಬೆವರಿದ ಮೈ, ಜೊತೆಗೆ ನೋವಿನ ಗುಳಿಗೆ, ಈ ಮೂರು ಸೇರುವುದು ಕರುಳಿಗೆ ಬಹಳ ಕೆಟ್ಟದ್ದು. ಕೂಲಿಯವರಿಗೆ ಇದನ್ನು ಹೇಳುವವರೇ ಇಲ್ಲ ಎಂಬುದು ನನ್ನ ಸಂಕಟ.

ಗೋಧಿಯ ಗ್ಲೂಟೆನ್‌ನಿಂದ ವಿಲ್ಲೈಗಳು ಚಪ್ಪಟೆಯಾಗುವ ಸೀಲಿಯಾಕ್ ಕಾಯಿಲೆಯ ಅಂಕಿಗಳು ನಮ್ಮ ಸೀಮೆಗೆ ಸಮಾಧಾನ ತರುವಂಥವು. 23,331 ವಯಸ್ಕರ ಅಧ್ಯಯನದಲ್ಲಿ ಅದು ಉತ್ತರ ಭಾರತದಲ್ಲಿ ನೂರಕ್ಕೆ 1.23, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ 0.10. ಬಿಳಿಜೋಳದಲ್ಲಿ ಗ್ಲೂಟೆನ್ ಇಲ್ಲವೇ ಇಲ್ಲ. ಆ ಕಾಯಿಲೆ ಇದೆಯೆಂದು ತಪಾಸಣೆಯಲ್ಲಿ ಖಚಿತವಾದವರಿಗೆ ದುಬಾರಿ ಪಾಕೀಟಿನ ಹಿಟ್ಟು ಬೇಕಿಲ್ಲ. ಗೋಧಿ ಬೀಸಿದ ಗಿರಣಿಯಲ್ಲಿ ಬೆರೆಯದ ಜೋಳದ ಹಿಟ್ಟು, ಅಜ್ಜಿ ತಟ್ಟುತ್ತಿದ್ದ ರೊಟ್ಟಿ ಸಾಕು. ಕಾಯಿಲೆ ಇಲ್ಲದವರು ಗೋಧಿಗೆ ಹೆದರಬೇಕಿಲ್ಲ. ಕರುಳು ಸೋರುತ್ತದೆ ಎಂದು ಹೆದರಿಸಿ, ತಲೆನೋವಿನಿಂದ ಬೇಸರದವರೆಗೆ ಎಲ್ಲಕ್ಕೂ ಅದೇ ಕಾರಣವೆಂದು ನಂಬಿಸಿ ಡಬ್ಬಿ ಪುಡಿ ಮಾರುವವರ ಮಾತಿಗೂ ಕಿವಿಗೊಡಬೇಕಿಲ್ಲ. ಸೋರಿಕೆ ನಿಜ, ಅದನ್ನು ಮುಚ್ಚುತ್ತದೆಂದು ಸಾಬೀತಾದ ಡಬ್ಬಿ ಇಲ್ಲ.

ಜೋಳದ ರೊಟ್ಟಿ, ಕಾಳುಪಲ್ಯದಲ್ಲಿನ ನಾರು ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗಿಳಿಯುತ್ತದೆ. ಅಲ್ಲಿ ಅದಕ್ಕಾಗಿ ಕಾದಿರುವ ಬ್ಯಾಕ್ಟೀರಿಯಾಗಳು 38 ಲಕ್ಷ ಕೋಟಿ. ನಮ್ಮ ದೇಹದ ಸ್ವಂತ ಕೋಶಗಳು ಸುಮಾರು 30 ಲಕ್ಷ ಕೋಟಿ. ಆ ಬ್ಯಾಕ್ಟೀರಿಯಾಗಳು ನಾರನ್ನು ಹುದುಗಿಸಿ ಬ್ಯುಟಿರೇಟ್ ಎಂಬ ಆಮ್ಲ ಮಾಡುತ್ತವೆ. ದೊಡ್ಡ ಕರುಳಿನ ಒಳಪದರದ ಕೋಶಗಳು ತಮ್ಮ ಶಕ್ತಿಯ ನೂರಕ್ಕೆ ಸುಮಾರು 70 ಪಾಲನ್ನು ಪಡೆಯುವುದು ಅದರಿಂದಲೇ.

ಭೇದಿಯಾದ ಕೂಸಿನ ಒಳಪದರ ಮತ್ತೆ ಚಿಗುರಲು ಬೇಕಾದ ಇನ್ನೊಂದು ವಸ್ತು ಸತು, ಅಂಗಡಿಯ ಭಾಷೆಯಲ್ಲಿ ಜಿಂಕ್. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಹೇಳಿದ್ದು ಇದನ್ನೇ: ಆರು ತಿಂಗಳು ದಾಟಿದ ಕೂಸಿಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕೂ ಚಿಕ್ಕದಕ್ಕೆ 10, ಭೇದಿ ಮೂರನೇ ದಿನವೇ ನಿಂತರೂ 10ರಿಂದ 14 ದಿನ. 2019–21ರ ಸಮೀಕ್ಷೆಯಲ್ಲಿ ದೇಶದಲ್ಲಿ ಭೇದಿಯಾದ ನೂರು ಮಕ್ಕಳಲ್ಲಿ 60 ಮಕ್ಕಳಿಗೆ ಓಆರ್‌ಎಸ್ ಸಿಕ್ಕಿತ್ತು, ಜಿಂಕ್ ಸಿಕ್ಕಿದ್ದು 30ಕ್ಕೆ ಮಾತ್ರ. 2024ರ ಭೇದಿ ತಡೆ ಅಭಿಯಾನದಲ್ಲಿ ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಎರಡು ಪಾಕೀಟು ಓಆರ್‌ಎಸ್, ಹದಿನಾಲ್ಕು ಜಿಂಕ್ ಗುಳಿಗೆ ಮೊದಲೇ ತಲುಪಿಸುವುದೆಂದು ಗೊತ್ತುಮಾಡಲಾಗಿತ್ತು. ಕಲ್ಲೋಳ–ಯಡೂರ ಸೇತುವೆ ಮುಳುಗಿದ ಮೇಲೆ ಆಶಾ ಕಾರ್ಯಕರ್ತೆ ಆ ದಂಡೆಗೆ ಹೋಗಲಾರಳು. ಆ ಪಾಕೀಟು, ಆ ಹದಿನಾಲ್ಕು ಗುಳಿಗೆಗಳು ನದಿದಂಡೆಯ ಮನೆಗಳನ್ನು ಮೇ ತಿಂಗಳಲ್ಲೇ ಸೇರಿರಬೇಕು.